ಚಳಿಗಾಲದ ಫ್ಲಾರಿಡಾದಲ್ಲಿ ಆರ್‌ವಿ ನಿಲ್ಲಿಸಲು ಜಾಗ ಹಿಡಿಯುವುದು ಹೇಗೆ

ಮಿಷಿಗನ್‌ನಲ್ಲೋ ಶಿಕಾಗೋದಲ್ಲೋ ಹಿಮ ಗೋರಿ ಸಾಕಾದ ನಮ್ಮ ಜನ ಒಂದು ವಾರ ಫ್ಲಾರಿಡಾಕ್ಕೆ ಹೋಗಿ, ಆರ್‌ವಿ ಬಾಡಿಗೆಗೆ ಹಿಡಿದು ಸುತ್ತಾಡೋಣ ಅಂತ ಲೆಕ್ಕ ಹಾಕುವುದು ಈಗ ಮಾಮೂಲು. ಊರಿಂದ ಅಪ್ಪ ಅಮ್ಮ ಬಂದಿದ್ದರಂತೂ ಇನ್ನೂ ಜಾಸ್ತಿ. ಅಡುಗೆಮನೆ, ಬಚ್ಚಲು, ಹಾಸಿಗೆ ಎಲ್ಲ ಗಾಡಿಯಲ್ಲೇ ಇರುತ್ತದೆ, ಹೋದಲ್ಲೇ ಅನ್ನ ಸಾರು ಮಾಡಿಕೊಳ್ಳಬಹುದು, ಹೋಟೆಲ್ ಊಟದ ತಲೆನೋವಿಲ್ಲ. ಆದರೆ ಬಹಳ ಜನ ಮೊದಲು ವಿಮಾನದ ಟಿಕೆಟ್ ತೆಗೆಯುತ್ತಾರೆ, ಆಮೇಲೆ ಗಾಡಿ ಬುಕ್ ಮಾಡುತ್ತಾರೆ, ರಾತ್ರಿ ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನೋದು ನವೆಂಬರ್ ಕೊನೆಯಲ್ಲಿ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಒಳ್ಳೊಳ್ಳೆ ಪಾರ್ಕುಗಳ ಕ್ಯಾಲೆಂಡರಿನಲ್ಲಿ ಒಂದು ಖಾಲಿ ಚೌಕವೂ ಕಾಣುವುದಿಲ್ಲ.

ಈ ಕ್ರಮವನ್ನು ತಿರುಗಿಸಿ. ಜಾಗ ಮೊದಲು, ಗಾಡಿ ಆಮೇಲೆ, ಟಿಕೆಟ್ ಕೊನೆಗೆ. ಮತ್ತೆ ಇದನ್ನೂ ನೆನಪಿಡಿ: ಫ್ಲಾರಿಡಾದ ಜಾಗವೆಲ್ಲ ಒಬ್ಬರ ಕೈಯಲ್ಲಿಲ್ಲ. ರಾಜ್ಯದ್ದು ಬೇರೆ, ಕೌಂಟಿಯದ್ದು (ನಮ್ಮ ಜಿಲ್ಲೆ ಇದ್ದ ಹಾಗೆ) ಬೇರೆ, ಕೇಂದ್ರ ಸರ್ಕಾರದ್ದು ಬೇರೆ, ಖಾಸಗಿಯವರದ್ದು ಬೇರೆ. ಒಬ್ಬೊಬ್ಬರು ಬುಕಿಂಗ್ ಶುರು ಮಾಡುವುದು ಒಂದೊಂದು ದಿನ, ಒಂದೊಂದು ಕಡೆ. ಒಂದು ವೆಬ್‌ಸೈಟ್ ನೋಡಿ "ಎಲ್ಲಾ ಫುಲ್" ಅಂತ ಕೈಬಿಡುವವರು ಉಳಿದ ಮೂರನ್ನು ನೋಡಿಯೇ ಇರುವುದಿಲ್ಲ.

ಊರು ಆಮೇಲೆ, ವಾರ ಮೊದಲು

ಅಲ್ಲಿ ಸೀಸನ್ ಅಂದರೆ ಕ್ರಿಸ್‌ಮಸ್‌ನಿಂದ ಈಸ್ಟರ್‌ವರೆಗೆ. ಅದರಲ್ಲೂ ಕ್ರಿಸ್‌ಮಸ್-ಹೊಸ ವರ್ಷದ ನಡುವಿನ ವಾರ, ಮತ್ತೆ ಜನವರಿ ಮಧ್ಯದಿಂದ ಮಾರ್ಚ್ ಕೊನೆವರೆಗಿನ ದಿನಗಳು ತೀರಾ ಕಷ್ಟ. ಓಹಾಯೋ, ಮಿಷಿಗನ್, ಕೆನಡಾದ ಒಂಟಾರಿಯೋ, ಕ್ವಿಬೆಕ್ ಕಡೆಯಿಂದ ನಿವೃತ್ತರು ತಮ್ಮ ತಮ್ಮ ಗಾಡಿ ಹೊಡೆದುಕೊಂಡು ಬಂದು ತಿಂಗಳುಗಟ್ಟಲೆ ಬೀಡುಬಿಡುತ್ತಾರೆ. ಇವರನ್ನು ಅಲ್ಲಿ ಸ್ನೋಬರ್ಡ್ಸ್ ಅಂತಾರೆ. ಫೆಬ್ರವರಿಯಲ್ಲಿ ಡೇಟೋನಾ ಕಾರ್ ರೇಸು, ಮಾರ್ಚ್‌ನಲ್ಲಿ ಅದೇ ಊರಲ್ಲಿ ಬೈಕ್ ವೀಕ್, ಜೊತೆಗೆ ಬೇಸ್‌ಬಾಲ್ ತಂಡಗಳ ಸ್ಪ್ರಿಂಗ್ ಟ್ರೇನಿಂಗ್, ಕಾಲೇಜು ಹುಡುಗರ ರಜೆ. ಹಾಗಾಗಿ ಡಿಸೆಂಬರಿಗಿಂತ ಫೆಬ್ರವರಿಯೇ ಜಾಸ್ತಿ ಬಿಗಿ.

ಸಂದು ಇರುವುದು ಎರಡು ಕಡೆ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಮೇಲೆ ಡಿಸೆಂಬರ್ 18ರ ಸುಮಾರಿನವರೆಗೆ ಒಂದು. ಹೊಸ ವರ್ಷ ಮುಗಿಸಿ ಜನ ವಾಪಸ್ ಹೋದ ಮೇಲೆ ಜನವರಿ ಎರಡನೇ ವಾರದವರೆಗೆ ಇನ್ನೊಂದು. ಮಕ್ಕಳ ಶಾಲೆಯ ಗೋಜಿಲ್ಲದಿದ್ದರೆ, ಸುಮ್ನೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಿದ್ದರೆ, ನನ್ನ ಮಾತು ಕೇಳಿ, ಡಿಸೆಂಬರ್ ಮೊದಲ ಎರಡು ವಾರಕ್ಕೇ ಹೋಗಿ. ಹವೆ ಅಷ್ಟೇ ಚೆನ್ನಾಗಿರುತ್ತದೆ, ಜನ ಕಮ್ಮಿ. ಶಾಲೆ ಇದೆ ಅನ್ನುವವರು ಜನವರಿ ಮೂರನೇ ಸೋಮವಾರದ ಮಾರ್ಟಿನ್ ಲೂಥರ್ ಕಿಂಗ್ ರಜೆ, ಫೆಬ್ರವರಿ ಮೂರನೇ ಸೋಮವಾರದ ಪ್ರೆಸಿಡೆಂಟ್ಸ್ ಡೇ, ಈ ಎರಡು ವಾರಾಂತ್ಯ ಬಿಟ್ಟು ಬೇರೆ ನೋಡಿ. ಸಂಕ್ರಾಂತಿ ಮೊದಲನೆಯದರ ಪಕ್ಕದಲ್ಲೇ ಬರುತ್ತದೆ ಅಂತ ನಮ್ಮವರು ಆಸೆಪಡುತ್ತಾರೆ, ಊರಿಗೆಲ್ಲ ಅದೇ ಆಸೆ ಇರುತ್ತದೆ.

ಇನ್ನು ವಾರದೊಳಗೆ ಭಾನುವಾರ ರಾತ್ರಿಯಿಂದ ಗುರುವಾರ ರಾತ್ರಿವರೆಗಿನ ಜಾಗ ಬೇಗ ಸಿಗುತ್ತದೆ. ಶುಕ್ರವಾರ, ಶನಿವಾರ ಅಲ್ಲೇ ಸುತ್ತಮುತ್ತಲಿನ ಜನವೇ ಬಂದು ತುಂಬುತ್ತಾರೆ. ಚಂದದ ಕಡಲ ತೀರಕ್ಕೆ ವಾರದ ನಡುವೆ ಹೋಗಿ, ವಾರಾಂತ್ಯಕ್ಕೆ ಕೌಂಟಿ ಪಾರ್ಕಿಗೆ ಬನ್ನಿ. ಇದೊಂದು ಅದಲು ಬದಲು ಮಾಡಿದರೂ ಅರ್ಧ ಕೆಲಸ ಆದ ಹಾಗೆ.

ಎಷ್ಟು ಬೆಚ್ಚಗೆ ಬೇಕು?

ಫ್ಲಾರಿಡಾ ಉದ್ದನೆಯ ರಾಜ್ಯ. ಜನವರಿಯಲ್ಲಿ ಮಯಾಮಿಯಲ್ಲಿ ಹಗಲು ಸುಮಾರು 24 ಡಿಗ್ರಿ ಸೆಲ್ಸಿಯಸ್, ರಾತ್ರಿ 16ರ ಆಸುಪಾಸು. ನಮ್ಮ ಬೆಂಗಳೂರಿನ ಜನವರಿಯ ರಾತ್ರಿಯ ಹಾಗೆಯೇ ಅನ್ನಿ. ಒರ್ಲ್ಯಾಂಡೋ ಹತ್ತಿರ ಬಂದರೆ ರಾತ್ರಿ 10 ಡಿಗ್ರಿಗೆ ಇಳಿಯುತ್ತದೆ. ಇನ್ನೂ ಉತ್ತರಕ್ಕೆ ಒಕಾಲಾ ಕಾಡಿನ ಕಡೆ ಹೋದರೆ ಕೆಲವು ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಗಾಡಿಗೆ ಜೋಡಿಸಿದ ನೀರಿನ ಪೈಪು ಬಿಚ್ಚಿ ಒಳಗಿಟ್ಟು ಮಲಗಬೇಕಾಗುತ್ತದೆ.

ಈಜಬೇಕು, ಅರ್ಧ ತೋಳಿನ ಅಂಗಿಯಲ್ಲಿ ಸಂಜೆ ಹೊರಗೆ ಕೂರಬೇಕು ಅಂದರೆ ಓಕಿಚೋಬಿ ಕೆರೆಯಿಂದ ಕೆಳಗಿನ ಭಾಗ ಹಿಡಿಯಿರಿ. ನಡೆದಾಡೋಕೆ, ಸೈಕಲ್ ಹೊಡೆಯೋಕೆ, ಬುಗ್ಗೆ ನೀರು ನೋಡೋಕೆ ಅಂದರೆ ಮಧ್ಯ ಫ್ಲಾರಿಡಾ ಸಾಕು, ಜಾಗವೂ ಸುಲಭವಾಗಿ ಸಿಗುತ್ತದೆ. ಒಕಾಲಾದ ಅಲೆಕ್ಸಾಂಡರ್ ಸ್ಪ್ರಿಂಗ್ಸ್ ನೀರು ವರ್ಷವಿಡೀ 72 ಡಿಗ್ರಿ ಫ್ಯಾರನ್‌ಹೀಟ್. ಹೊರಗೆ ಚಳಿ ಇದ್ದಾಗ ಆ ನೀರಿಗಿಳಿದರೆ ಬೆಚ್ಚಗೇ ಅನ್ನಿಸುತ್ತದೆ. ಅದೇ ಕಾರಣಕ್ಕೆ ನವೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ ಬ್ಲೂ ಸ್ಪ್ರಿಂಗ್ ಸ್ಟೇಟ್ ಪಾರ್ಕಿಗೆ ನೂರಾರು ಮ್ಯಾನಟೀಗಳು, ಅಂದರೆ ಕಡಲ ಹಸುಗಳು, ಬಂದು ಸೇರುತ್ತವೆ. ಮಕ್ಕಳಿಗೆ ಅದನ್ನು ತೋರಿಸಲೇಬೇಕು.

ಸ್ಟೇಟ್ ಪಾರ್ಕು: ಬೆಳಗಿನ 8 ಗಂಟೆಯ ಓಟ

ಎಲ್ಲರಿಗೂ ಬೇಕಾಗಿರುವುದು ಇದೇ. ಕಡಿಮೆ ಬಾಡಿಗೆ, ಒಳ್ಳೆ ಜಾಗ, ನೀರು ಮತ್ತು ಕರೆಂಟಿನ ಹುಕಪ್, ಅಂದರೆ ಗಾಡಿಗೆ ಜೋಡಿಸಿಕೊಳ್ಳುವ ಸಂಪರ್ಕ. ಒಂದು ಸಲಕ್ಕೆ ಹೆಚ್ಚೆಂದರೆ 14 ರಾತ್ರಿ ಇರಬಹುದು.

2024ರ ಜನವರಿ 1ರಿಂದ ಇಲ್ಲಿನ ನಿಯಮ ಬದಲಾಗಿದೆ. ಫ್ಲಾರಿಡಾದ ನಿವಾಸಿಗಳು 11 ತಿಂಗಳು ಮುಂಚೆ ಬುಕ್ ಮಾಡಬಹುದು, ಹೊರಗಿನವರು 10 ತಿಂಗಳು ಮುಂಚೆ ಮಾತ್ರ. ಅಂದರೆ ನಮ್ಮ ಸರದಿ ಬರುವ ಹೊತ್ತಿಗೆ ಅಲ್ಲಿನವರು ಒಂದು ತಿಂಗಳು ಆರಿಸಿಕೊಂಡು ಮುಗಿಸಿರುತ್ತಾರೆ. ಫ್ಲಾರಿಡಾದಲ್ಲಿರುವ ಗೆಳೆಯರ ಹೆಸರಲ್ಲಿ ಬುಕ್ ಮಾಡಿಸಿ ನಾವು ಹೋಗಿ ಇರೋಣ ಅನ್ನುವ ಯೋಚನೆ ಬೇಡ. ಅವರೂ ಜೊತೆಗೆ ಬಂದು ಉಳಿಯುವುದಿದ್ದರೆ ಮಾತ್ರ ಅವರಿಂದ ಮಾಡಿಸಿ, ಎರಡು ಮನೆಯವರು ಸೇರಿ ಹೋದಂತೆಯೂ ಆಗುತ್ತದೆ.

ಬುಕಿಂಗ್ ತೆರೆಯುವುದು ಈಸ್ಟರ್ನ್ ಸಮಯ ಬೆಳಿಗ್ಗೆ 8ಕ್ಕೆ. ಶಿಕಾಗೋ, ಡಲ್ಲಾಸ್‌ನವರಿಗೆ 7, ಕ್ಯಾಲಿಫೋರ್ನಿಯಾದವರಿಗೆ ಬೆಳಗಿನ ಜಾವ 5. ಜನವರಿ 8ಕ್ಕೆ ತಲುಪಬೇಕು ಅಂದರೆ ಹಿಂದಿನ ಮಾರ್ಚ್ 8ರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತಿರಬೇಕು. ಹಿಂದಿನ ದಿನವೇ ಅಕೌಂಟ್ ತೆರೆದು, ಕಾರ್ಡ್ ವಿವರ, ಗಾಡಿಯ ಉದ್ದ, ಎಷ್ಟು ಜನ ಎಲ್ಲ ತುಂಬಿಡಿ. ಪಾರ್ಕಿನ ನಕ್ಷೆ ನೋಡಿ ಮೂರು ನಾಲ್ಕು ಸೈಟ್, ಅಂದರೆ ಗಾಡಿ ನಿಲ್ಲಿಸುವ ಜಾಗದ, ನಂಬರುಗಳನ್ನು ಒಂದು ಚೀಟಿಯಲ್ಲಿ ಇಷ್ಟದ ಕ್ರಮದಲ್ಲಿ ಬರೆದಿಟ್ಟುಕೊಳ್ಳಿ. 8 ಹೊಡೆದ ಕೂಡಲೇ ಮೊದಲನೆಯದನ್ನು ಒತ್ತಿ. ಹೋಯಿತು ಅಂತ ಬಂದರೆ ಆ ಸಂದೇಶ ಓದುತ್ತಾ ಕೂರಬೇಡಿ, ಎರಡನೆಯದಕ್ಕೆ ಹೋಗಿ. ನಂಬರ್ ಚೀಟಿ ಇಲ್ಲದೆ ಅಲ್ಲೇ ಫೋಟೋ ನೋಡಿ ಆರಿಸೋಣ ಅಂದುಕೊಂಡರೆ ನೋಡುತ್ತಿರುವಾಗಲೇ ಚೌಕಗಳು ಒಂದೊಂದಾಗಿ ಬಣ್ಣ ಬದಲಾಯಿಸುತ್ತವೆ.

ಫ್ಲಾರಿಡಾದ ದಕ್ಷಿಣ ತುದಿಯ ಕೀಸ್ ದ್ವೀಪಗಳಲ್ಲಿ ಕ್ಯಾಂಪಿಂಗ್ ಇರುವ ಸ್ಟೇಟ್ ಪಾರ್ಕುಗಳು ಬೆರಳೆಣಿಕೆಯಷ್ಟು. ಕೀ ಲಾರ್ಗೋದ ಜಾನ್ ಪೆನೆಕ್ಯಾಂಪ್, ಮ್ಯಾರಥಾನ್ ಹತ್ತಿರ ಕರಿ ಹ್ಯಾಮಕ್, ಬಿಗ್ ಪೈನ್ ಕೀ ಹತ್ತಿರ ಬಹಿಯಾ ಹೋಂಡಾ. ಕರಿ ಹ್ಯಾಮಕ್‌ನಲ್ಲಿ ಇರುವುದೇ 28 ಸೈಟು. ಇಡೀ ಅಮೆರಿಕದ ಕಣ್ಣು ಈ ಸೈಟುಗಳ ಮೇಲೆ. ಹಾಗಾಗಿ ಹೊರರಾಜ್ಯದವರು 10 ತಿಂಗಳ ಬೆಳಿಗ್ಗೆ ಇಲ್ಲಿ ಒಂದು ಕೈ ನೋಡಿ, ಸಿಗದಿದ್ದರೆ ಬೇಜಾರು ಮಾಡಿಕೊಳ್ಳದೆ ಅದೇ ಕ್ಷಣ ಬೇರೆ ಪಾರ್ಕಿಗೆ ಹೋಗಬೇಕು. ಹೋಬ್ ಸೌಂಡ್‌ನ ಜೊನಾಥನ್ ಡಿಕಿನ್‌ಸನ್, ನೇಪಲ್ಸ್ ಆಚೆಯ ಕೊಲಿಯರ್-ಸೆಮಿನೋಲ್, ಎಸ್ಟೆರೋದ ಕೊರೆಶನ್, ಸರಸೋಟಾ ಬಳಿಯ ಆಸ್ಕರ್ ಶೆರರ್, ಸೀಬ್ರಿಂಗ್‌ನ ಹೈಲ್ಯಾಂಡ್ಸ್ ಹ್ಯಾಮಕ್. ಇವೆಲ್ಲ ಕೀಸ್‌ನಷ್ಟು ಹೆಸರು ಮಾಡಿದವಲ್ಲ, ಆದರೆ ಬೆಚ್ಚಗಿನ ಜಾಗಗಳೇ. ನನಗೆ ತುಂಬಾ ಇಷ್ಟವಾಗುವುದು ಕಿಸಿಮಿ ಪ್ರೇರಿ. ಊರುಗಳಿಂದ ದೂರ, ಸುತ್ತ ಬಯಲು, 2016ರಲ್ಲೇ ಡಾರ್ಕ್ ಸ್ಕೈ ಪಾರ್ಕ್ ಅಂತ ಮಾನ್ಯತೆ ಸಿಕ್ಕಿದ ಜಾಗ. ಅಮಾವಾಸ್ಯೆಯ ಹತ್ತಿರದ ರಾತ್ರಿ ಅಲ್ಲಿ ಗಾಡಿಯ ದೀಪ ಆರಿಸಿ ಹೊರಗೆ ನಿಂತರೆ ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತದೆ. ಹಳ್ಳಿಯಲ್ಲಿ ಬೆಳೆದ ಅಪ್ಪ ಅಮ್ಮನಿಗೆ ಇದು ಡಿಸ್ನಿಗಿಂತ ಇಷ್ಟವಾದರೆ ಆಶ್ಚರ್ಯಪಡಬೇಡಿ.

ಕೌಂಟಿ ಪಾರ್ಕು ಅಂದರೆ ಮೂಗು ಮುರಿಯಬೇಡಿ

ಸ್ಟೇಟ್ ಪಾರ್ಕ್ ಸಿಗದವರು ನೇರವಾಗಿ ಖಾಸಗಿಯವರ ಹತ್ತಿರ ಹೋಗುತ್ತಾರೆ, ನಡುವೆ ಇರುವ ಕೌಂಟಿ ಪಾರ್ಕುಗಳು ಕಣ್ಣಿಗೇ ಬೀಳುವುದಿಲ್ಲ. ಒಂದೊಂದು ಕೌಂಟಿಗೂ ಅದರದ್ದೇ ವೆಬ್‌ಸೈಟ್, ಅದರದ್ದೇ ನಿಯಮ. ಒಂದೇ ಕಡೆ ಹುಡುಕಲು ಆಗುವುದಿಲ್ಲ, ಅದಕ್ಕೇ ಅಲ್ಲಿ ಜಾಗ ಉಳಿದಿರುತ್ತದೆ.

ಮಯಾಮಿ-ಡೇಡ್ ಕೌಂಟಿಯ ಲ್ಯಾರಿ ಅಂಡ್ ಪೆನಿ ಥಾಂಪ್ಸನ್ ಪಾರ್ಕ್ ಮಯಾಮಿ ಮೃಗಾಲಯದ ಪಕ್ಕದಲ್ಲೇ ಇದೆ. 200ಕ್ಕೂ ಹೆಚ್ಚು ಸೈಟು, ನೀರು, ಕರೆಂಟು, ಕೊಳಚೆ ನೀರಿನ ಸಂಪರ್ಕ ಮೂರೂ ಇವೆ. ಅಲ್ಲಿ ನೆಲೆ ಹಾಕಿಕೊಂಡು ಒಂದು ದಿನ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನ, ಒಂದು ದಿನ ಕೀ ಲಾರ್ಗೋ ನೋಡಿ ಬರಬಹುದು. ಬ್ರೊವಾರ್ಡ್ ಕೌಂಟಿಯಲ್ಲಿ ಮಾರ್ಕಮ್ ಪಾರ್ಕ್, ಸಿ.ಬಿ. ಸ್ಮಿತ್ ಪಾರ್ಕ್ ಇವೆ. ಊರೊಳಗಿನ ಪಾರ್ಕುಗಳು, ರಸ್ತೆ ಸದ್ದು ಸ್ವಲ್ಪ ಕೇಳಿಸುತ್ತದೆ ನಿಜ. ಆದರೆ ಇಂಡಿಯನ್ ಅಂಗಡಿ ಹತ್ತಿರದಲ್ಲೇ ಸಿಗುತ್ತದೆ, ಹಾಲು ಮೊಸರು ಮುಗಿದರೆ ಪರದಾಡಬೇಕಾಗಿಲ್ಲ. ಪಶ್ಚಿಮ ತೀರದಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ಫೋರ್ಟ್ ಡಿ ಸೋಟೋ ಕಡಲಿಗೆ ಅಂಟಿಕೊಂಡಿದೆ. ಪಿನೆಲ್ಲಾಸ್ ಕೌಂಟಿಯವರಿಗೆ 7 ತಿಂಗಳು ಮುಂಚೆ, ಉಳಿದವರಿಗೆ 6 ತಿಂಗಳು ಮುಂಚೆ ಬುಕಿಂಗ್. 2024ರ ಹೆಲೀನ್, ಮಿಲ್ಟನ್ ಚಂಡಮಾರುತಗಳು ಈ ತೀರವನ್ನು ಬಹಳ ಹಾಳು ಮಾಡಿದವು, ಆದ್ದರಿಂದ ಪಶ್ಚಿಮದ ಯಾವ ಪಾರ್ಕೇ ಆಗಲಿ, ಎಷ್ಟು ಭಾಗ ತೆರೆದಿದೆ ಅಂತ ಬುಕ್ ಮಾಡುವ ಮುಂಚೆ ನೋಡಿಕೊಳ್ಳಿ.

ಕೇಂದ್ರ ಸರ್ಕಾರದ ಜಾಗಗಳು

ರಿಕ್ರಿಯೇಶನ್ ಡಾಟ್ ಗವ್ ಅನ್ನುವ ತಾಣದಲ್ಲಿ ಇವುಗಳಲ್ಲಿ ಹೆಚ್ಚಿನವು ಸಿಗುತ್ತವೆ, ಸಾಮಾನ್ಯವಾಗಿ 6 ತಿಂಗಳು ಮುಂಚೆ. ಅದೇ ಜನವರಿ 8ಕ್ಕೆ ಜುಲೈ 8 ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮಾರ್ಚ್‌ನಲ್ಲಿ ಸ್ಟೇಟ್ ಪಾರ್ಕ್ ಕೈತಪ್ಪಿದವರಿಗೆ ಇದು ಎರಡನೇ ಅವಕಾಶ.

ಬಿಗ್ ಸೈಪ್ರೆಸ್ ರಾಷ್ಟ್ರೀಯ ಸಂರಕ್ಷಿತ ಪ್ರದೇಶದ ಮಿಡ್‌ವೇ ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟ್ ಹುಕಪ್ ಇದೆ. ಅದೇ ಟಾಮಿಯಾಮಿ ರಸ್ತೆಯಲ್ಲಿ ಮಾನ್ಯುಮೆಂಟ್ ಲೇಕ್ ಇದೆ. ಇನ್ನು ಸೇನೆಯ ಇಂಜಿನಿಯರ್ ವಿಭಾಗದವರು, ಆರ್ಮಿ ಕೋರ್ ಅಂತ ಕರೆಯುತ್ತಾರೆ, ಓಕಿಚೋಬಿ ಜಲಮಾರ್ಗದಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ಲಾಕ್‌ಗಳ ಪಕ್ಕ ಪುಟ್ಟ ಕ್ಯಾಂಪ್‌ಗ್ರೌಂಡ್‌ಗಳನ್ನು ಇಟ್ಟಿದ್ದಾರೆ. ಫೋರ್ಟ್ ಮಯರ್ಸ್ ಕಡೆಯ ಡಬ್ಲ್ಯು.ಪಿ. ಫ್ರಾಂಕ್ಲಿನ್, ಅದರ ಮೇಲೆ ಒರ್ಟೋನಾ, ಪೂರ್ವಕ್ಕೆ ಸೇಂಟ್ ಲೂಸಿ. ಲಾಕ್ ಗೇಟಿನೊಳಗೆ ದೋಣಿ ಬಂದು ನಿಂತು, ನೀರು ಏರಿ ಇಳಿದು, ಆಚೆ ಕಡೆ ಹೋಗುವುದನ್ನು ಕುರ್ಚಿ ಹಾಕಿಕೊಂಡು ನೋಡುತ್ತಾ ಕೂರಬಹುದು. ಇಂಥ ಜಾಗ ಪ್ರವಾಸಿಗಳ ಪಟ್ಟಿಯಲ್ಲಿ ಕಾಣುವುದೇ ಅಪರೂಪ.

ಎವರ್‌ಗ್ಲೇಡ್ಸ್ ಮಾತ್ರ ಬೇರೆ. ಅಲ್ಲಿನ ಲಾಂಗ್ ಪೈನ್ ಕೀ ಮತ್ತು ಫ್ಲೆಮಿಂಗೋ ಕ್ಯಾಂಪ್‌ಗ್ರೌಂಡ್‌ಗಳನ್ನು ಗುತ್ತಿಗೆ ಸಂಸ್ಥೆಯೊಂದು ನಡೆಸುತ್ತದೆ, ಬುಕಿಂಗ್ ಅವರ ತಾಣದಲ್ಲೇ. ರಿಕ್ರಿಯೇಶನ್ ಡಾಟ್ ಗವ್‌ನಲ್ಲಿ ಹುಡುಕಿ ಇಲ್ಲ ಅಂದುಕೊಳ್ಳಬೇಡಿ. ಫ್ಲೆಮಿಂಗೋದಲ್ಲಿ ಕೆಲವು ಸೈಟಿಗೆ ಕರೆಂಟ್ ಇದೆ, ಮುಖ್ಯ ದ್ವಾರದಿಂದ 38 ಮೈಲಿ ಒಳಗೆ, ರಸ್ತೆ ಮುಗಿಯುವಲ್ಲಿ. ಲಾಂಗ್ ಪೈನ್ ಕೀಯಲ್ಲಿ ಕರೆಂಟ್ ಇಲ್ಲ, ಆದರೆ ಊರಿಗೆ ಹತ್ತಿರ.

ಅಪ್ಪ ಅಮ್ಮ ಜೊತೆಗಿದ್ದರೆ ಈ ಲೆಕ್ಕ ನೋಡಿ. 62 ದಾಟಿದವರಿಗೆ ಕೊಡುವ ಸೀನಿಯರ್ ಪಾಸ್ ಇದ್ದರೆ ಆರ್ಮಿ ಕೋರ್ ಜಾಗದಲ್ಲಿ ಬಾಡಿಗೆ ಅರ್ಧ. ಆದರೆ ಅದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ, ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಿಗುವುದಿಲ್ಲ. ಅಲ್ಲದೆ 2026ರ ಜನವರಿಯಿಂದ ಎವರ್‌ಗ್ಲೇಡ್ಸ್ ಸೇರಿದಂತೆ 11 ರಾಷ್ಟ್ರೀಯ ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದವರಿಗೆ, 16 ವರ್ಷದ ಮೇಲಿನವರಾದರೆ, ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ಇಬ್ಬರಿಗೆ 200 ಡಾಲರ್! ಬಿಗ್ ಸೈಪ್ರೆಸ್‌ಗೆ ಪ್ರವೇಶ ಶುಲ್ಕವೇ ಇಲ್ಲ. ಅಲ್ಲಿನ ಓಯಸಿಸ್ ವಿಸಿಟರ್ ಸೆಂಟರ್ ಎದುರಿನ ಮರದ ಹಾದಿಯ ಮೇಲೆ ನಿಂತರೆ ಕೆಳಗಿನ ಕಾಲುವೆಯಲ್ಲಿ ಮೊಸಳೆಗಳು ಬಿಸಿಲು ಕಾಯಿಸುತ್ತಾ ಬಿದ್ದಿರುತ್ತವೆ. ವಯಸ್ಸಾದವರು ಜಾಸ್ತಿ ನಡೆಯುವ ಅಗತ್ಯವೂ ಇಲ್ಲ.

ಖಾಸಗಿ ಪಾರ್ಕು: ಫೋನ್ ಮಾಡಿ

ಇಲ್ಲಿ ಮೂರು ವಿಷಯ ಮೊದಲೇ ಕೇಳಬೇಕು. ಒಂದು, ವಯಸ್ಸು. ಫ್ಲಾರಿಡಾದ ಎಷ್ಟೋ ಖಾಸಗಿ ಪಾರ್ಕುಗಳು 55 ದಾಟಿದವರಿಗೆ ಮಾತ್ರ, ಮಕ್ಕಳ ಜೊತೆ ಹೋದರೆ ಒಳಗೆ ಬಿಡುವುದಿಲ್ಲ. ಎರಡು, ಗಾಡಿಯ ವಯಸ್ಸು. 10 ವರ್ಷಕ್ಕಿಂತ ಹಳೆಯ ಗಾಡಿ ಬೇಡ ಅನ್ನುವವರಿದ್ದಾರೆ. ವ್ಯಕ್ತಿಯೊಬ್ಬರಿಂದ ಬಾಡಿಗೆಗೆ ತೆಗೆದುಕೊಂಡ ಗಾಡಿಯಾದರೆ ಅದರ ಇಸವಿ ಕೇಳಿ ಇಟ್ಟುಕೊಳ್ಳಿ. ಮೂರು, ಕನಿಷ್ಠ ಎಷ್ಟು ರಾತ್ರಿ. ಹಬ್ಬದ ವಾರದಲ್ಲಿ ಒಂದು ರಾತ್ರಿಗೆ ಕೊಡುವುದೇ ಇಲ್ಲ ಅಂತಾರೆ.

ಇವರ ಜಾಗದಲ್ಲಿ ಬಹುಪಾಲು ತಿಂಗಳ ಬಾಡಿಗೆಯವರು ಇರುತ್ತಾರೆ. ಒಬ್ಬರು ಜನವರಿ 4ಕ್ಕೆ ಬಿಟ್ಟು ಹೋಗಿ, ಇನ್ನೊಬ್ಬರು 8ಕ್ಕೆ ಬರುವುದಿದ್ದರೆ ನಡುವೆ ನಾಲ್ಕು ರಾತ್ರಿ ಖಾಲಿ. ಇಂಥ ತುಂಡು ದಿನಗಳನ್ನು ಎಷ್ಟೋ ಸಲ ಆನ್‌ಲೈನಿನಲ್ಲಿ ಹಾಕಿಯೇ ಇರುವುದಿಲ್ಲ. ಆದ್ದರಿಂದ ವಾರದ ದಿನ ಬೆಳಿಗ್ಗೆ 10ರ ಮೇಲೆ, ಆಫೀಸಿನವರು ಬಿಡುವಾಗಿರುವಾಗ, ಫೋನ್ ಮಾಡಿ "ಈ ವಾರದಿಂದ ಮುಂದಿನ ವಾರದೊಳಗೆ ಎರಡೋ ಮೂರೋ ರಾತ್ರಿ ಯಾವುದಾದರೂ ಸೈಟು ಖಾಲಿ ಇದೆಯಾ, ನಮ್ಮದು 25 ಅಡಿ ಗಾಡಿ" ಅಂತ ಕೇಳಿ. ಇಂಥದೇ ದಿನ ಬೇಕು ಅಂತ ಕೇಳಿದರೆ ಇಲ್ಲ ಅಂತಾರೆ, ಯಾವ ದಿನ ಇದೆ ಅಂತ ಕೇಳಿದರೆ ಹುಡುಕುತ್ತಾರೆ.

ಹಿಪ್‌ಕ್ಯಾಂಪ್ ಅನ್ನುವ ತಾಣದಲ್ಲಿ ರೈತರು, ಜಮೀನು ಇರುವವರು ತಮ್ಮ ಜಾಗ ಬಾಡಿಗೆಗೆ ಕೊಡುತ್ತಾರೆ. ಹಾರ್ವೆಸ್ಟ್ ಹೋಸ್ಟ್ಸ್ ಅಂತ ಇನ್ನೊಂದು ಇದೆ, ವರ್ಷದ ಸದಸ್ಯತ್ವ ತೆಗೆದುಕೊಂಡರೆ ತೋಟ, ಫಾರ್ಮ್‌ಗಳಲ್ಲಿ ಒಂದು ರಾತ್ರಿ ನಿಲ್ಲಿಸಬಹುದು, ಬದಲಿಗೆ ಅವರಲ್ಲಿ ಏನಾದರೂ ಕೊಂಡುಕೊಳ್ಳುವುದು ಮರ್ಯಾದೆ. ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುವ ನಡುವಿನ ರಾತ್ರಿಗೆ ಇದು ಒಳ್ಳೆಯದು. ಬಾಡಿಗೆ ಗಾಡಿಯಾದರೆ ಮಣ್ಣು ರಸ್ತೆಗೆ ಒಯ್ಯಬಹುದಾ ಅಂತ ಕರಾರು ಓದಿ.

ಫುಲ್ ಅಂದಮೇಲೂ ಬಿಡಬೇಡಿ

10 ತಿಂಗಳು ಮುಂಚೆ ಜಾಗ ಹಿಡಿದವರಲ್ಲಿ ಎಷ್ಟು ಜನರ ಯೋಜನೆ ಹಾಗೇ ಉಳಿದಿರುತ್ತದೆ ಹೇಳಿ? ಯಾರಿಗೋ ಮೊಮ್ಮಗು ಹುಟ್ಟುತ್ತದೆ, ಯಾರಿಗೋ ಮೊಣಕಾಲು ಆಪರೇಶನ್, ಯಾರದೋ ಗಾಡಿ ಕೆಡುತ್ತದೆ. ಇನ್ನು ಎರಡು ಮೂರು ಪಾರ್ಕ್ ಒಟ್ಟಿಗೆ ಹಿಡಿದಿಟ್ಟುಕೊಂಡು ಕೊನೆಗೆ ಒಂದನ್ನು ಬಿಡುವವರೂ ಇದ್ದಾರೆ. ಹಾಗಾಗಿ ಪ್ರಯಾಣಕ್ಕೆ ಎರಡು ವಾರ ಇರುವಾಗ, ಮತ್ತೆ ಕೊನೆಯ ಮೂರು ನಾಲ್ಕು ದಿನ, ಸೈಟುಗಳು ಬಿಡುಗಡೆ ಆಗುತ್ತಾ ಇರುತ್ತವೆ. ಬಹಿಯಾ ಹೋಂಡಾದಂಥ ಜಾಗದಲ್ಲಿ ಹೊರರಾಜ್ಯದವರಿಗೆ ಸಿಗುವುದೇ ಹೀಗೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ನೋಡಿ. ಸದಾ ನೋಡುತ್ತಾ ಕೂರಲಾಗದವರು ಕ್ಯಾಂಪ್‌ನ್ಯಾಬ್, ಕ್ಯಾಂಪ್‌ಫ್ಲೇರ್ ಥರದ ಸೇವೆಗಳಲ್ಲಿ ಪಾರ್ಕು ಮತ್ತು ದಿನ ಹಾಕಿಟ್ಟರೆ, ಖಾಲಿಯಾದ ಕೂಡಲೇ ಫೋನಿಗೆ ಸಂದೇಶ ಬರುತ್ತದೆ. ರಿಕ್ರಿಯೇಶನ್ ಡಾಟ್ ಗವ್‌ನಲ್ಲೂ ಅಂಥ ಸೌಲಭ್ಯ ಇದೆ. ಅಲರ್ಟ್ ಹಾಕುವಾಗ ಐದು ರಾತ್ರಿ ಒಟ್ಟಿಗೆ ಕೇಳಬೇಡಿ, ಒಂದು ರಾತ್ರಿ ಅಂತ ಹಾಕಿ. ಸೋಮವಾರ ಒಂದು ಸೈಟು, ಮಂಗಳವಾರ ಪಕ್ಕದ ಸೈಟು ಸಿಕ್ಕರೂ ಗಾಡಿ ಐವತ್ತು ಅಡಿ ಸರಿಸಿದರೆ ಮುಗಿಯಿತು. ಸಂದೇಶ ಬಂದ ತಕ್ಷಣ ಬುಕ್ ಮಾಡಿ, ಮನೆಯವರನ್ನು ಕೇಳುವುದು ಆಮೇಲೆ. ರದ್ದು ಮಾಡುವ ಶುಲ್ಕ ಎಷ್ಟು ಅಂತ ಮೊದಲೇ ತಿಳಿದುಕೊಂಡಿದ್ದರೆ ಧೈರ್ಯವಾಗಿ ಒತ್ತಬಹುದು. ಬೇಡವಾದ ಸೈಟನ್ನು ಮಾತ್ರ ಕೊನೆಯ ದಿನದವರೆಗೆ ಹಿಡಿದಿಟ್ಟುಕೊಳ್ಳಬೇಡಿ, ನಮ್ಮ ಹಾಗೇ ಇನ್ನೊಂದು ಸಂಸಾರ ಕಾಯುತ್ತಿರುತ್ತದೆ.

ಗಾಡಿ ಎಷ್ಟು ಉದ್ದ?

ಹಳೆಯ ಪಾರ್ಕುಗಳಲ್ಲಿ ಸೈಟುಗಳು ಚಿಕ್ಕವು. 25 ಅಡಿಯ ಕ್ಲಾಸ್ ಸಿ ಗಾಡಿ ತೆಗೆದುಕೊಂಡರೆ ಎಲ್ಲ ಕಡೆ ಹೆಚ್ಚುಕಮ್ಮಿ ಹಿಡಿಸುತ್ತದೆ, 30 ಅಡಿ ದಾಟಿದರೆ ಅರ್ಧ ಸೈಟು ಕೈಬಿಡಬೇಕು. ಅಪ್ಪ, ಅಮ್ಮ, ನೀವಿಬ್ಬರು, ಒಂದು ಮಗು ಆದರೆ 25 ಸಾಕು. ಎತ್ತರವನ್ನೂ ನೋಡಿ. ಬಹಿಯಾ ಹೋಂಡಾದ ಬೇಸೈಡ್ ಭಾಗಕ್ಕೆ ಹೋಗುವ ದಾರಿಯಲ್ಲಿ ಸೇತುವೆಯ ಕೆಳಗಿನ ಎತ್ತರ 6 ಅಡಿ 8 ಇಂಚು ಮಾತ್ರ. ಆರ್‌ವಿ ಅಲ್ಲಿಗೆ ಹೋಗುವುದೇ ಇಲ್ಲ. ಅಲ್ಲಿ ಜಾಗ ಖಾಲಿ ಕಂಡರೆ ಹಿಗ್ಗಬೇಡಿ, ಬಟನ್‌ವುಡ್ ಭಾಗ ನೋಡಿ.

ಹುಕಪ್ ವಿಷಯದಲ್ಲಿ ನಮ್ಮ ಅಡುಗೆ ಲೆಕ್ಕಕ್ಕೆ ಬರುತ್ತದೆ. 30 ಆಂಪ್ ಸಂಪರ್ಕ ಅಂದರೆ ಒಟ್ಟು 3,600 ವಾಟ್. ಎಸಿ ಓಡುತ್ತಿರುವಾಗ ಇಂಡಕ್ಷನ್ ಒಲೆ, ಮೈಕ್ರೋವೇವ್ ಎರಡೂ ಹಾಕಿದರೆ ಬ್ರೇಕರ್ ಬೀಳುತ್ತದೆ. ಗಾಡಿಯ ಗ್ಯಾಸ್ ಒಲೆಯಲ್ಲೇ ಮಾಡಿ. ಆದರೆ ಒಗ್ಗರಣೆ ಹಾಕುವ ಮುಂಚೆ ಚಾವಣಿಯ ಫ್ಯಾನ್ ಹಾಕಿ, ಒಲೆಯ ಪಕ್ಕದ ಕಿಟಕಿ ತೆರೆಯಿರಿ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದು ಘಾಟು ಎದ್ದ ಅರೆ ನಿಮಿಷದಲ್ಲಿ ತಲೆಯ ಮೇಲಿನ ಹೊಗೆ ಅಲಾರಾಂ ಕಿರುಚಿಕೊಳ್ಳುತ್ತದೆ, ರಾತ್ರಿ 9ಕ್ಕೆ ಅಕ್ಕಪಕ್ಕದ ಗಾಡಿಯವರೆಲ್ಲ ಹೊರಗೆ ಬಂದು ನೋಡುತ್ತಾರೆ. ಅದಕ್ಕಿಂತ ಒಂದು ಪುಟ್ಟ ಸ್ಟವ್ ತೆಗೆದುಕೊಂಡು ಹೊರಗಿನ ಪಿಕ್ನಿಕ್ ಮೇಜಿನ ಮೇಲೆ ಒಗ್ಗರಣೆ ಮಾಡಿಕೊಳ್ಳುವುದು ಎಷ್ಟೋ ವಾಸಿ.

ಸ್ಟೇಟ್ ಪಾರ್ಕಿನ ಬಹುಪಾಲು ಸೈಟುಗಳಲ್ಲಿ ಕೊಳಚೆ ನೀರಿನ ಸಂಪರ್ಕ ಇರುವುದಿಲ್ಲ, ಎಲ್ಲರಿಗೂ ಸೇರಿ ಒಂದು ಡಂಪ್ ಸ್ಟೇಷನ್, ಅಂದರೆ ಗಾಡಿಯ ಕೊಳಚೆ ಟ್ಯಾಂಕ್ ಖಾಲಿ ಮಾಡುವ ಜಾಗ, ಇರುತ್ತದೆ. ಐದು ಜನ ಗಾಡಿಯೊಳಗೇ ಸ್ನಾನ ಮಾಡಿ, ಪಾತ್ರೆ ತೊಳೆದರೆ ಟ್ಯಾಂಕ್ ಎರಡು ದಿನಕ್ಕೆ ತುಂಬುತ್ತದೆ. ಸ್ನಾನಕ್ಕೆ ಪಾರ್ಕಿನ ಬಚ್ಚಲು ಬಳಸಿ, ಸಾರಿನ ಪಾತ್ರೆಯ ಜಿಡ್ಡನ್ನು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಿರಿ.

ಜಾಗ ಸಿಗದ ಒಂದು ರಾತ್ರಿ

ಎಷ್ಟೇ ಹೊಂದಿಸಿದರೂ ನಡುವೆ ಒಂದು ರಾತ್ರಿ ತಪ್ಪಿಹೋಗಬಹುದು. ಕೆಲವು ವಾಲ್‌ಮಾರ್ಟ್, ಕ್ರ್ಯಾಕರ್ ಬ್ಯಾರಲ್ ಅಂಗಡಿಗಳು ಬಿಡುತ್ತವೆ, ಆದರೆ ಆಯಾ ಅಂಗಡಿಯ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿಯೇ ಹೋಗಿ. ಫ್ಲಾರಿಡಾದ ಹೆದ್ದಾರಿ ರೆಸ್ಟ್ ಏರಿಯಾಗಳಲ್ಲಿ 3 ಗಂಟೆಗಿಂತ ಹೆಚ್ಚು ನಿಲ್ಲಿಸುವಂತಿಲ್ಲ. ಕೀಸ್‌ನಲ್ಲಂತೂ ರಸ್ತೆ ಬದಿ, ಪಾರ್ಕಿಂಗ್ ಜಾಗದಲ್ಲಿ ರಾತ್ರಿ ಮಲಗುವ ಯೋಚನೆಯೇ ಬೇಡ, ಪೊಲೀಸರು ಬಂದು ಬಾಗಿಲು ತಟ್ಟುತ್ತಾರೆ. ಕೀಸ್‌ನಲ್ಲಿ ಜಾಗ ಸಿಗಲಿಲ್ಲ ಅಂದರೆ ಹೋಮ್‌ಸ್ಟೆಡ್, ಫ್ಲಾರಿಡಾ ಸಿಟಿ ಕಡೆ ಉಳಿದು, ಒಂದು ದಿನಕ್ಕೆ ಕಾರು ಬಾಡಿಗೆಗೆ ಹಿಡಿದು ಹೋಗಿಬನ್ನಿ. ಕೀ ವೆಸ್ಟ್‌ನ ಹಳೆಯ ಬೀದಿಗಳಲ್ಲಿ ಆರ್‌ವಿ ನಿಲ್ಲಿಸಲು ಜಾಗ ಹುಡುಕುವುದಕ್ಕಿಂತ ಅದು ಸುಖ.

ಬಿಸಿಲು ಸಾಕು, ಕಡಲು ಬೇಡ ಅನ್ನುವವರಿಗೆ ಅರಿಝೋನಾ ಇದೆ. ಅಲ್ಲಿ ಕ್ವಾರ್ಟ್‌ಸೈಟ್, ಯೂಮಾ ಸುತ್ತ ಕೇಂದ್ರದ ಭೂ ನಿರ್ವಹಣಾ ಇಲಾಖೆಯ ಮರುಭೂಮಿ ಜಾಗದಲ್ಲಿ ಎಷ್ಟೋ ಕಡೆ 14 ದಿನ ಪುಕ್ಕಟೆ ಇರಬಹುದು, ಬುಕಿಂಗ್ ಅನ್ನೋದೇ ಇಲ್ಲ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ದುಡ್ಡು ಕಟ್ಟಿ ಇಡೀ ಸೀಸನ್ ಇರುವ ಜಾಗಗಳೂ ಇವೆ. ನೀರು, ಕರೆಂಟು ನೀವೇ ನೋಡಿಕೊಳ್ಳಬೇಕು, ರಾತ್ರಿ ಚಳಿ ಜೋರು. ಮೊದಲ ಸಲ ಆರ್‌ವಿ ಹಿಡಿಯುವವರಿಗೆ, ವಯಸ್ಸಾದವರು ಜೊತೆಗಿರುವಾಗ, ನಾನು ಇದನ್ನು ಹೇಳುವುದಿಲ್ಲ.

ತಲುಪುವ ದಿನ

ಫ್ಲಾರಿಡಾದ ಸ್ಟೇಟ್ ಪಾರ್ಕುಗಳ ಗೇಟು ಸೂರ್ಯ ಮುಳುಗಿದ ಕೂಡಲೇ ಹಾಕುತ್ತದೆ, ಡಿಸೆಂಬರಿನಲ್ಲಿ ಅದು ಸಂಜೆ 5:30ರ ಸುಮಾರು. ಮಧ್ಯಾಹ್ನದ ವಿಮಾನದಲ್ಲಿ ಇಳಿದು, ಗಾಡಿ ತೆಗೆದುಕೊಂಡು, ಅದರ ಒಂದೊಂದು ಸ್ವಿಚ್ಚೂ ಹೇಗೆ ಅಂತ ಹೇಳಿಸಿಕೊಂಡು, ಅಕ್ಕಿ ಬೇಳೆ ತುಂಬಿಸಿಕೊಂಡು ಹೊರಟರೆ ಕತ್ತಲಾಗುವುದು ಖಂಡಿತ. ಆದ್ದರಿಂದ ಅವತ್ತು ಹಗಲಲ್ಲೇ ಪಾರ್ಕ್ ಕಚೇರಿಗೆ ಫೋನ್ ಮಾಡಿ, ತಡವಾಗುತ್ತದೆ ಅಂತ ಹೇಳಿ, ಗೇಟಿನ ಕೋಡ್ ನಂಬರ್ ಕೇಳಿ ಬರೆದುಕೊಳ್ಳಿ. ಕಚೇರಿ ಮುಚ್ಚಿದ ಮೇಲೆ ಫೋನ್ ಎತ್ತುವವರು ಯಾರೂ ಇರುವುದಿಲ್ಲ.